ಹೊಸ ವರ್ಷದ ಮೊದಲ ಬೆಳಗು ಸಿಡ್ನಿಯ ಕಡಲತೀರದಲ್ಲಿ: ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವುದು ಹೇಗೆ?

ಪ್ರಶ್ನೆ: ನಾವು ಸಿಡ್ನಿಯ ಪಶ್ಚಿಮ ಭಾಗದ ವೆಂಟ್‌ವರ್ತ್‌ವಿಲ್‌ನಲ್ಲಿದ್ದೇವೆ. ದಾವಣಗೆರೆಯಿಂದ ಅಪ್ಪ (72) ಮತ್ತು ಅಮ್ಮ (66) ಬಂದಿದ್ದಾರೆ. ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಡಿಸೆಂಬರ್ 31ರ ರಾತ್ರಿಯ ನೂಕುನುಗ್ಗಲಿಗೆ ಹೋಗುವ ಬದಲು ಜನವರಿ 1ನ್ನು ಕಡಲತೀರದಲ್ಲಿ ಆರಾಮವಾಗಿ ಕಳೆಯಬೇಕೆಂದಿದ್ದೇವೆ. ನನ್ನ ಗಂಡ ಊರಿನ ಬಾವಿಯಲ್ಲಿ ಈಜು ಕಲಿತವರು. ಉಳಿದ ಯಾರಿಗೂ ಈಜು ಬರುವುದಿಲ್ಲ. ಅಮ್ಮ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಸಮುದ್ರಕ್ಕೆ ಅರಿಶಿನ ಕುಂಕುಮ, ತೆಂಗಿನಕಾಯಿ ಅರ್ಪಿಸಬೇಕು ಎನ್ನುತ್ತಿದ್ದಾರೆ. ಮರವಂತೆ, ಮಲ್ಪೆಗಳಲ್ಲಿ ನೀರಿಗಿಳಿದು ನಮಗೆ ಅಭ್ಯಾಸವಿದೆ. ಇಲ್ಲಿ ಯಾವ ತೀರಕ್ಕೆ, ಎಷ್ಟು ಹೊತ್ತಿಗೆ ಹೋಗಬೇಕು, ಏನೇನು ಒಯ್ಯಬೇಕು?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಹೊಸ ವರ್ಷವನ್ನು ಬೇಸಿಗೆಯ ಕಡಲಿನ ಪಕ್ಕದಲ್ಲಿ ಬರಮಾಡಿಕೊಳ್ಳುವುದು ಈ ದೇಶದ ನಿಜವಾದ ಸುಖಗಳಲ್ಲಿ ಒಂದು. ಶಾಲೆಗಳಿಗೆ ರಜೆ, ಕಚೇರಿಗಳಿಗೆ ರಜೆ, ರಾತ್ರಿ ಎಂಟು ದಾಟುವವರೆಗೂ ಬೆಳಕು. ನಾನು ಕುಂದಾಪುರದ ಕಡೆಯವನು, ಇಲ್ಲಿ ಹಲವು ವರ್ಷಗಳಿಂದ ಕೆಂಪು-ಹಳದಿ ಟೋಪಿ ತೊಟ್ಟು ಸ್ವಯಂಸೇವಕನಾಗಿ ತೀರ ಕಾಯುವವರಲ್ಲಿ ಒಬ್ಬ. ಹಲವು ಜನವರಿ ಒಂದುಗಳನ್ನು ಕಾವಲು ಗೋಪುರದ ಬಳಿಯೇ ಕಳೆದಿದ್ದೇನೆ. ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ: ಮರವಂತೆ, ಮಲ್ಪೆಗಳ ಅಭ್ಯಾಸವಿದೆ ಎಂಬ ಸಾಲು.

ದಯವಿಟ್ಟು ಆ ಅಭ್ಯಾಸವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ನೀವು ರಜೆಯಲ್ಲಿ ಕರಾವಳಿಗೆ ಹೋಗುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ. ಆಗ ಅರಬ್ಬೀ ಸಮುದ್ರ ಮಳೆಗಾಲದ ಅಬ್ಬರವನ್ನೆಲ್ಲ ಕಳೆದುಕೊಂಡು ತಣ್ಣಗಿರುತ್ತದೆ. ಅದೇ ಮರವಂತೆಯಲ್ಲಿ ಜುಲೈ ತಿಂಗಳಲ್ಲಿ ನಿಂತರೆ ಯಾರೂ ನೀರಿಗಿಳಿಯುವ ಮಾತೆತ್ತುವುದಿಲ್ಲ. ಸಿಡ್ನಿಯ ಹೊರಗಡಲಿಗೆ ಅಂಥ ತಣ್ಣನೆಯ ಋತುವೆಂಬುದಿಲ್ಲ. ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ನೂರಾರು ಕಿಲೋಮೀಟರ್ ಸಾಗಿ ವರ್ಷವಿಡೀ ಈ ದಡಕ್ಕೆ ಬಂದು ಬಡಿಯುತ್ತವೆ. ತೀರದಿಂದಾಚೆ ಅಲೆಯ ಎತ್ತರ ಸರಾಸರಿ ಒಂದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಆಕಾಶ ತಿಳಿಯಾಗಿದ್ದು, ಗಾಳಿ ಬೀಸದೆ ಇದ್ದ ದಿನವೂ ಅಲೆ ದೊಡ್ಡದಿರಬಹುದು. ಊರಿನಿಂದ ಬಂದವರು ಮೋಸ ಹೋಗುವುದು ಇಲ್ಲೇ.

ಅಲೆಗಿಂತ ಮುಖ್ಯವಾದದ್ದು ಸೆಳವು. ನಿಮ್ಮ ತಂದೆಯವರಿಗೆ ಇದನ್ನು ಹೇಳಿದರೆ ಒಂದೇ ಮಾತಿಗೆ ಅರ್ಥವಾದೀತು: ಭದ್ರಾ ನಾಲೆಯ ನೀರು ಗದ್ದೆ ತುಂಬಿ ನಿಂತಾಗ ಬದು ಎಲ್ಲಿ ಒಡೆದಿದೆಯೋ ಅಲ್ಲಿಂದ ನುಗ್ಗಿ ಹೋಗುತ್ತದೆಯಲ್ಲವೇ, ಸಮುದ್ರದಲ್ಲೂ ಅಷ್ಟೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ಎಲ್ಲಿ ಆಳವಾದ ಓಣಿಯಿದೆಯೋ ಅಲ್ಲಿಂದ ಅದು ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಅಲ್ಲಿ ನೀರು ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ಬಿಳಿ ನೊರೆ ಏಳುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ, ನುಣ್ಣಗೆ, ಶಾಂತವಾಗಿ ಕಾಣುತ್ತದೆ. ಎರಡೂ ಬದಿಯಲ್ಲಿ ನೊರೆ ಕುದಿಯುತ್ತಿರುವಾಗ ನಡುವೆ ಹಾಸಿದ ಚಾಪೆಯಂತಿರುವ ಈ ಜಾಗವನ್ನು ಕಂಡು, ಮಕ್ಕಳ ಕೈಹಿಡಿದ ತಂದೆ ತಾಯಂದಿರು ಅಲೆಯಿಲ್ಲದ ಕಡೆಯೇ ಒಳ್ಳೆಯದು ಎಂದು ನೇರವಾಗಿ ಅಲ್ಲಿಗೇ ನಡೆದು ಬರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಜೀನ್ಸ್ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದ ತರುಣರೊಬ್ಬರನ್ನು ನಾನು ಸೀಟಿ ಊದಿ ತಡೆದಾಗ, ಅವರು ನಿಜವಾಗಿಯೂ ಆಶ್ಚರ್ಯಪಟ್ಟು, "ಇಲ್ಲಿ ಅಲೆಯೇ ಇಲ್ಲವಲ್ಲ?" ಎಂದು ಕೇಳಿದರು. ನಾನು ಕೈಗೆ ಸಿಕ್ಕ ಕಡಲಪಾಚಿಯ ತುಂಡೊಂದನ್ನು ಅವರ ಮುಂದೆಯೇ ನೀರಿಗೆ ಎಸೆದೆ. ಅದು ನಾವಿಬ್ಬರೂ ನೋಡುತ್ತಿದ್ದಂತೆ ಹೊರಗಡಲಿನ ಕಡೆಗೆ ಸಾಗಿತು. ಅವರು ಮಾತಿಲ್ಲದೆ ಮಗಳನ್ನು ಎದೆಗವಚಿಕೊಂಡು ಹಿಂದೆ ಬಂದರು.

ಪ್ರಸಿದ್ಧ ಬಾಂಡೈ ತೀರದ ದಕ್ಷಿಣ ತುದಿಯಲ್ಲಿ ಇಂಥದೊಂದು ಸೆಳವು ಸದಾ ಇರುತ್ತದೆ; ಬಸ್ಸಿಳಿದ ಪ್ರವಾಸಿಗಳು ಸೀದಾ ಅದಕ್ಕೇ ಇಳಿಯುವುದರಿಂದ ಇಲ್ಲಿಯವರು ಅದನ್ನು 'ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್' ಎನ್ನುತ್ತಾರೆ. ಅದೇ ಬಾಂಡೈಯಲ್ಲಿ 1938ರ ಫೆಬ್ರವರಿ 6ರಂದು ಒಂದರ ಹಿಂದೊಂದು ದೊಡ್ಡ ಅಲೆಗಳು ಬಂದು ನೂರಾರು ಜನರನ್ನು ಒಮ್ಮೆಗೇ ಸೆಳೆದೊಯ್ದವು. ಕಾವಲಿನವರು ಬಹುತೇಕ ಎಲ್ಲರನ್ನೂ ಎಳೆತಂದರೂ ಐವರು ತೀರಿಕೊಂಡರು. ಅದು ಕಾವಲಿದ್ದ ತೀರ. ಕಾವಲಿಲ್ಲದ ತೀರದ ಮಾತು ಬೇರೆ. 2024ರ ಜನವರಿ 24ರಂದು ವಿಕ್ಟೋರಿಯಾದ ಫಿಲಿಪ್ ದ್ವೀಪದ ಫಾರೆಸ್ಟ್ ಕೇವ್ಸ್ ಎಂಬಲ್ಲಿ ಭಾರತ ಮೂಲದ ಕುಟುಂಬವೊಂದರ ನಾಲ್ವರು ಮುಳುಗಿ ಹೋದದ್ದು ಕಾವಲಿಲ್ಲದ ತೀರದಲ್ಲಿ. ಸಂತೋಷದ ದಿನದ ಬಗ್ಗೆ ಕೇಳಿದವರಿಗೆ ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಹೇಳದೆ ಇರಲಾರೆ.

ನಿಮ್ಮ ಯಜಮಾನರಿಗೂ ಒಂದು ಮಾತು. ಬಾವಿಯಲ್ಲಿ ಈಜು ಕಲಿತವರು ಉಸಿರು ಕಟ್ಟುವುದರಲ್ಲಿ, ಆಳಕ್ಕೆ ಹೆದರದೆ ಇರುವುದರಲ್ಲಿ ಗಟ್ಟಿಗರು. ಆದರೆ ಬಾವಿಯ ನೀರು ನಿಂತ ನೀರು. ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಸೆಳವಿನಲ್ಲಿ ಎಷ್ಟು ಕೈ ಹೊಡೆದರೂ ದಡ ಹತ್ತಿರ ಬರುವುದಿಲ್ಲ, ತೋಳು ಸೋಲುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಹೋರಾಡಬಾರದು. ಅಂಗಾತ ಮಲಗಿ ತೇಲುತ್ತ ಒಂದು ಕೈ ಎತ್ತಿ ಬೀಸಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಏಳುತ್ತಿರುವ ಕಡೆಗೆ ಈಜಬೇಕು. ಸೆಳವು ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಮುಳುಗಿಸುವುದು ಗಾಬರಿ ಮತ್ತು ಆಯಾಸ. ಇನ್ನು, ಒಬ್ಬರಿಗೆ ಈಜು ಬರುತ್ತದೆ ಎಂಬ ಧೈರ್ಯದ ಮೇಲೆ ಐವರು ನೀರಿಗಿಳಿಯುವುದು ಬೇಡ.

ಈಗ ಜಾಗದ ವಿಷಯ. ನಿಮ್ಮಂಥ ಕುಟುಂಬಕ್ಕೆ ನನ್ನ ಸಲಹೆ ಹೊರಗಡಲಿನ ತೀರವಲ್ಲ, ಬಂದರಿನ ಒಳಗಿನ ತೀರ. ಸಿಡ್ನಿಯ ಬಂದರು ಬಹಳ ಒಳಕ್ಕೆ ಚಾಚಿಕೊಂಡ ಹಿನ್ನೀರಿನಂತಿದೆ. ಹೊರಗಿನ ಅಲೆಯ ಬಲ ಒಳಗೆ ಬರುವಷ್ಟರಲ್ಲಿ ಬಹುಮಟ್ಟಿಗೆ ತಗ್ಗಿರುತ್ತದೆ. ಮಾಸ್‌ಮನ್ ಬಡಾವಣೆಯ ಬಾಲ್ಮೋರಲ್ ತೀರವನ್ನು ನಾನು ಮೊದಲು ಹೆಸರಿಸುತ್ತೇನೆ. ಅಲ್ಲಿ ನೀರಿನಲ್ಲಿ ಬಲೆ ಕಟ್ಟಿದ ಈಜುಜಾಗವಿದೆ, ಮರಳಿನ ಹಿಂದೆಯೇ ಹುಲ್ಲುಹಾಸು, ನಮ್ಮ ಆಲದ ಮರದ ಜಾತಿಗೇ ಸೇರಿದ ದೊಡ್ಡ ಅತ್ತಿಮರಗಳ ನೆರಳು, ಹಿರಿಯರು ನಡೆದಾಡಲು ಸಮತಟ್ಟಾದ ದಾರಿ. ನಿಮ್ಮ ತಂದೆಯವರು ಮರಳಿನಲ್ಲಿ ಕಾಲೆಳೆದುಕೊಂಡು ನಡೆಯಬೇಕಾಗಿಲ್ಲ. ಮರದಡಿ ಕುರ್ಚಿ ಹಾಕಿ ಕೂತರೆ ಮೊಮ್ಮಕ್ಕಳು ಕಣ್ಣೆದುರಿಗೇ ಇರುತ್ತಾರೆ. ನಿಮ್ಮ ಕಡೆಯಿಂದ ಬೇರೊಂದು ಆಯ್ಕೆ ಬಾಟನಿ ಕೊಲ್ಲಿಯ ಬ್ರೈಟನ್-ಲೆ-ಸ್ಯಾಂಡ್ಸ್; ನೀರು ಬಹುದೂರ ಆಳವಿಲ್ಲ, ದಡದುದ್ದಕ್ಕೂ ಕಾಲುದಾರಿಯಿದೆ. ಆದರೆ ಒಂದು ಎಚ್ಚರ: ಒಳಗಿನ ತೀರಗಳಲ್ಲಿ ಬಹಳಷ್ಟು ಕಡೆ ಕಾವಲಿರುವ ಜಾಗವನ್ನು ಗುರುತಿಸುವ ಕೆಂಪು-ಹಳದಿ ಬಾವುಟವಾಗಲಿ ಕಾವಲಿನವರಾಗಲಿ ಇರುವುದಿಲ್ಲ. ನೀರು ಶಾಂತವಾಗಿದ್ದರೂ ಐದು ವರ್ಷದ ಮಗು ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು, ಆ ದೊಡ್ಡವರ ಕೈಯಲ್ಲಿ ಫೋನು ಇರಬಾರದು. ಹಿಂದಿನ ದಿನಗಳಲ್ಲಿ ಜೋರು ಮಳೆಯಾಗಿದ್ದರೆ ಊರಿನ ಚರಂಡಿ ನೀರೆಲ್ಲ ಬಂದರಿಗೇ ಬರುತ್ತದೆ. ಮಳೆ ನಿಂತ ಮೇಲೂ ಮೂರು ದಿನ ಒಳಗಿನ ತೀರಗಳಲ್ಲಿ ನೀರಿಗಿಳಿಯದಿರುವುದು ಒಳ್ಳೆಯದು.

ಅಲೆಯನ್ನೇ ನೋಡಬೇಕು, ತೆರೆದ ಸಮುದ್ರವನ್ನೇ ಅಪ್ಪನಿಗೆ ತೋರಿಸಬೇಕು ಎಂದಿದ್ದರೆ ಕ್ರೊನುಲಾಕ್ಕೆ ಹೋಗಿ. ರೈಲಿಳಿದು ನಡೆದೇ ಸಮುದ್ರ ಸೇರಬಹುದಾದ ಸಿಡ್ನಿಯ ಹೊರಗಡಲ ತೀರ ಅದೊಂದೇ. ಸೆಂಟ್ರಲ್‌ನಲ್ಲಿ ರೈಲು ಬದಲಿಸಿದರಾಯಿತು, ಕಾರು ನಿಲ್ಲಿಸಲು ಜಾಗ ಹುಡುಕುವ ತಾಪತ್ರಯವಿಲ್ಲ. ಅಲ್ಲಿ ಬಂಡೆಗಳ ನಡುವೆ ಕಟ್ಟಿದ ಕಡಲಕೊಳಗಳಿವೆ. ಸಮುದ್ರದ ನೀರೇ ಬಂದು ಹೋಗುವ, ಸುತ್ತ ಗೋಡೆಯಿರುವ ಇಂಥ ಕೊಳಗಳು ಸಿಡ್ನಿಯ ದೊಡ್ಡ ಸೊಬಗು. ಸಿಡ್ನಿಯ ಇನ್ನೊಂದು ತೀರವಾದ ಬ್ರಾಂಟಿಯ ಕೊಳ 1887ರಷ್ಟು ಹಳೆಯದು. ಅಲೆ ಗೋಡೆ ಹಾರಿ ಬರದ ದಿನ, ಆಳ ಕಡಿಮೆಯಿರುವ ಕಡೆ ಮಕ್ಕಳನ್ನು ಕೂರಿಸಿದರೆ ಅವರಿಗೆ ಅದಕ್ಕಿಂತ ಬೇರೆ ಹಬ್ಬ ಬೇಡ. ಮರಳ ತೀರದಲ್ಲಿ ಮಾತ್ರ ಕೆಂಪು-ಹಳದಿ ಬಾವುಟಗಳೆರಡರ ನಡುವೆಯೇ ನಿಲ್ಲಬೇಕು, ಅದೂ ಮೊಣಕಾಲಿನವರೆಗೆ. ಬಾವುಟ ಏರಿಲ್ಲದಿದ್ದರೆ ಕಾಲು ಕೂಡ ಇಳಿಸಬೇಡಿ. ತಾವು ಎಲ್ಲಿ ಇಳಿಯಬಹುದು ಎಂದು ಕಾವಲಿನವರನ್ನು ಕೇಳಲು ಸಂಕೋಚಪಡಬೇಡಿ. ಕೇಳುವವರನ್ನು ಕಂಡರೆ ನಮಗೆ ಬಹಳ ಸಮಾಧಾನ.

ಇನ್ನು ಸಮಯ. ಇದರಲ್ಲಿ ನನ್ನ ಮಾತು ಸ್ವಲ್ಪ ಕಟ್ಟುನಿಟ್ಟು: ಬೆಳಿಗ್ಗೆ ಏಳಕ್ಕೆ ಅಲ್ಲಿರಿ, ಹತ್ತೂವರೆಗೆ ಹೊರಡಿ. ಹೊಸ ವರ್ಷದ ದಿನ ಸಿಡ್ನಿಯಲ್ಲಿ ಸೂರ್ಯೋದಯ ಆರಕ್ಕೂ ಮೊದಲೇ, ಸುಮಾರು 5.45ಕ್ಕೆ. ರಾತ್ರಿಯೆಲ್ಲ ಕುಣಿದವರು ಮಲಗಿರುವ ಆ ಹೊತ್ತಿನಲ್ಲಿ ತೀರದಲ್ಲಿ ಜನ ಕಡಿಮೆ, ವಾಹನ ನಿಲ್ಲಿಸಲು ಜಾಗ ಸಿಗುತ್ತದೆ, ಮರಳು ಕಾದಿರುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಇಡೀ ನಗರ ಬಂದು ಇಳಿಯುತ್ತದೆ.

ಬೇಗ ಹೊರಡಿ ಎನ್ನುವುದಕ್ಕೆ ಜನಸಂದಣಿಗಿಂತ ದೊಡ್ಡ ಕಾರಣ ಬಿಸಿಲು. ಇಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವುದರಿಂದ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದರ ಸುಮಾರಿಗೆ. ಭೂಮಿ ಸೂರ್ಯನಿಗೆ ವರ್ಷದಲ್ಲಿ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಜುಲೈಗೆ ಹೋಲಿಸಿದರೆ ದೂರ ಸುಮಾರು 50 ಲಕ್ಷ ಕಿಲೋಮೀಟರ್ ಕಡಿಮೆ, ಬರುವ ಶಾಖ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು. ದಕ್ಷಿಣ ಗೋಳಾರ್ಧದ ಬೇಸಿಗೆಯೂ ಈ ಸಾಮೀಪ್ಯವೂ ಒಂದೇ ಹೊತ್ತಿಗೆ ಬರುತ್ತವೆ. ಗಾಳಿಯಲ್ಲಿ ಧೂಳೂ ಕಡಿಮೆ. ಹಾಗಾಗಿ ಬಿಸಿಲು ಮೈಸುಡುವ ಬಲವನ್ನು ಹೇಳುವ ನೇರಳಾತೀತ ಕಿರಣದ ಸೂಚ್ಯಂಕ ಮಧ್ಯಾಹ್ನದ ಹೊತ್ತಿಗೆ 11ನ್ನು ಸುಲಭವಾಗಿ ದಾಟುತ್ತದೆ; ಅದು 3 ಮುಟ್ಟಿದರೇ ಮೈ ಮುಚ್ಚಿಕೊಳ್ಳಬೇಕೆಂಬುದು ಇಲ್ಲಿಯ ನಿಯಮ. ನಮ್ಮ ಕಡೆ ಏಪ್ರಿಲ್ ಬಿಸಿಲೂ ತೀವ್ರವೇ, ಆದರೆ ಅಲ್ಲಿ ಸೆಕೆಯೇ ನಮ್ಮನ್ನು ನೆರಳಿಗೆ ಅಟ್ಟುತ್ತದೆ. ಇಲ್ಲಿ 25 ಡಿಗ್ರಿಯ ಹಿತವಾದ ಗಾಳಿ ಬೀಸುತ್ತಿರುತ್ತದೆ, ಮೋಡವೂ ಇರಬಹುದು, ಮೈ ಸುಡುತ್ತಿರುವುದು ರಾತ್ರಿ ಮಲಗುವವರೆಗೆ ತಿಳಿಯುವುದೇ ಇಲ್ಲ. ನಮ್ಮದು ಕಪ್ಪು ಮೈ, ನಮಗೇನಾಗುತ್ತದೆ ಎನ್ನುವವರ ಹೆಗಲಿನ ಚರ್ಮ ಸಿಪ್ಪೆ ಸುಲಿದದ್ದನ್ನು ನೋಡಿದ್ದೇನೆ. ಚರ್ಮದ ಕ್ಯಾನ್ಸರ್ ಅಪಾಯ ನಮಗೆ ಬಿಳಿಯರಿಗಿಂತ ಕಡಿಮೆ ನಿಜ; ಕಣ್ಣಿಗೆ, ಮಕ್ಕಳ ಎಳೆ ಮೈಗೆ ಆಗುವ ಹಾನಿ ಇದ್ದೇ ಇದೆ.

1981ರಲ್ಲಿ ಈ ದೇಶದಲ್ಲಿ ಒಂದು ಪ್ರಚಾರ ಶುರುವಾಯಿತು: ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿಯಿರಿ, ಟೋಪಿ ಹಾಕಿ. ಆಮೇಲೆ ನೆರಳು ಹುಡುಕಿ, ಕಪ್ಪು ಕನ್ನಡಕ ಹಾಕಿ ಎಂಬೆರಡು ಸೇರಿದವು. ಎಸ್‌ಪಿಎಫ್ 50+ ಎಂದಿರುವ ಸನ್‌ಸ್ಕ್ರೀನನ್ನು ಹೊರಡುವ ಇಪ್ಪತ್ತು ನಿಮಿಷ ಮೊದಲೇ ಎಲ್ಲರೂ ಹಚ್ಚಿಕೊಳ್ಳಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿಯ ಹಿಂಭಾಗ, ಪಾದದ ಮೇಲ್ಭಾಗ ಎಲ್ಲರೂ ಮರೆಯುವ ಜಾಗಗಳು. ನಿಮ್ಮ ತಂದೆಯವರ ನೆತ್ತಿಯಲ್ಲಿ ಕೂದಲು ಕಡಿಮೆಯಿದ್ದರೆ ಸುತ್ತಲೂ ಅಂಚಿರುವ ಟೋಪಿಯೇ ಆಗಬೇಕು, ಕ್ರಿಕೆಟ್ ಟೋಪಿ ಸಾಲದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಬಿಸಿಲಿನಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ. ಹೋಗುವ ಮೊದಲೇ ವೈದ್ಯರನ್ನು ಒಂದು ಮಾತು ಕೇಳಿಡಿ.

ಹವಾಮಾನ ಮುನ್ಸೂಚನೆಯಲ್ಲಿ ಎರಡು ವಿಷಯ ನೋಡಿ. ಒಂದು, ದಕ್ಷಿಣದ ಗಾಳಿ. ಕಾದ ದಿನದ ಮಧ್ಯಾಹ್ನದ ಮೇಲೆ ಅದು ಹಠಾತ್ತನೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ತಾಪವನ್ನು ಹತ್ತು ಡಿಗ್ರಿಗೂ ಹೆಚ್ಚು ಇಳಿಸಿ, ಕಟ್ಟಿದ ಕೊಡೆಗಳನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಎರಡು, ಬೆಂಕಿಯ ಎಚ್ಚರಿಕೆ. 2019ರ ಡಿಸೆಂಬರ್ 31ರಂದು ವಿಕ್ಟೋರಿಯಾದ ಮಲ್ಲಕೂಟ ಎಂಬ ಪುಟ್ಟ ಊರಿನಲ್ಲಿ ಹೊಸ ವರ್ಷಕ್ಕೆಂದು ಬಂದವರೂ ಊರವರೂ ಸೇರಿ ಸುಮಾರು 4,000 ಜನ ಕಾಡ್ಗಿಚ್ಚಿಗೆ ಹೆದರಿ ದಡಕ್ಕೆ ಬಂದು ನಿಂತರು. ಹಗಲಿನಲ್ಲೇ ಆಕಾಶ ಕಪ್ಪಾಗಿ ಆಮೇಲೆ ಕೆಂಪಾಯಿತು. ಸಾವಿರಕ್ಕೂ ಹೆಚ್ಚು ಜನರನ್ನು ನೌಕಾಪಡೆಯ ಹಡಗು ಸಾಗಿಸಬೇಕಾಯಿತು. ನಗರದೊಳಗಿನ ಬಾಲ್ಮೋರಲ್‌ಗೆ ಆ ಭಯವಿಲ್ಲ, ಆದರೆ ಮುನ್ಸೂಚನೆಯಲ್ಲಿ 40 ಡಿಗ್ರಿ ಎಂದಿದ್ದರೆ ಹಿರಿಯರನ್ನು ಕರೆದೊಯ್ಯುವುದು ಬೇಡ. ಜನವರಿ 2 ಅಥವಾ 3 ಕೂಡ ಹೊಸ ವರ್ಷವೇ.

ತಾಯಿಯವರ ಸೀರೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವರನ್ನು ಮುಜುಗರಕ್ಕೂ ಸಿಕ್ಕಿಸಬೇಡಿ. ನೂಲಿನ ಸೀರೆ ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಒಂದು ಅಲೆ ಬಿದ್ದರೆ ಏಳಲಾಗದಷ್ಟು ಭಾರವಾಗುತ್ತದೆ. ಅಲೆಯಿರುವ ತೀರದಲ್ಲಿ ಸೀರೆಯುಟ್ಟು ಪಾದಕ್ಕಿಂತ ಮೇಲೆ ನೀರಿಗಿಳಿಯಲೇಬಾರದು. ಬಾಲ್ಮೋರಲ್‌ನಲ್ಲಾದರೆ ನಿಮ್ಮ ಕೈಹಿಡಿದು ಮೀನಖಂಡದವರೆಗೆ ನಿಲ್ಲಬಹುದು. ಅವರಿಗೆ ಮೈತುಂಬ ನೆನೆಯುವ ಆಸೆ ಬಂದರೆ, ಬಹುಶಃ ಬಂದೀತು, ಉದ್ದ ತೋಳಿನ, ಕಾಲು ಮುಚ್ಚುವ ಈಜುಡುಗೆ ಇಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಮೈಮುಚ್ಚುವ ಬುರ್ಕಿನಿಯನ್ನು ರೂಪಿಸಿದ್ದೇ ಸಿಡ್ನಿಯ ಮಹಿಳೆ, 2004ರಲ್ಲಿ. ಇನ್ನೊಂದು ದಿನ ನೀವಿಬ್ಬರೇ ಕೂಜಿಯ ಮ್ಯಾಕೈವರ್ಸ್ ಮಹಿಳಾ ಈಜುಕೊಳಕ್ಕೆ ಹೋಗಿಬನ್ನಿ. 1886ರಲ್ಲಿ ಬಂಡೆಯ ನಡುವೆ ಕಟ್ಟಿದ ಆ ಕಡಲಕೊಳಕ್ಕೆ ಇಂದಿಗೂ ಹೆಂಗಸರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ ಪ್ರವೇಶ. ಮೆಟ್ಟಿಲುಗಳಿವೆ, ಮಂಡಿನೋವಿದ್ದರೆ ಯೋಚಿಸಿ. ಎಲ್ಲ ವಯಸ್ಸಿನ ಅಜ್ಜಿಯರು ಅಲ್ಲಿ ಯಾರ ಕಣ್ಣಿನ ಅಂಜಿಕೆಯೂ ಇಲ್ಲದೆ ನೀರಾಡುತ್ತಾರೆ ಎಂದು ಹೇಳಿದರೆ ನಿಮ್ಮ ತಾಯಿಯವರು ಒಪ್ಪಿಯಾರು.

ಬುತ್ತಿಯ ವಿಷಯದಲ್ಲಿ ನಿಮಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಚಪಾತಿ, ಒಣ ಪಲ್ಯ, ಶೇಂಗಾ ಚಟ್ನಿಪುಡಿ, ಹಚ್ಚಿದ ಕಲ್ಲಂಗಡಿ, ಉಪ್ಪು ಹಾಕಿದ ತೆಳು ಮಜ್ಜಿಗೆ ಸಾಕು. ಚಿತ್ರಾನ್ನ, ಮೊಸರನ್ನ ಒಯ್ಯುವುದಾದರೆ ಐಸಿಟ್ಟ ತಂಪುಪೆಟ್ಟಿಗೆಯಲ್ಲೇ ಇರಲಿ, ಹೊರಗೆ ತೆಗೆದ ಎರಡು ಗಂಟೆಯೊಳಗೆ ಮುಗಿಸಿ. ಬಿಸಿಲಿನಲ್ಲಿಟ್ಟ ಅನ್ನ ಮಕ್ಕಳ ಹೊಟ್ಟೆ ಕೆಡಿಸುತ್ತದೆ. ಕಡಲಹಕ್ಕಿಗಳು ಕೈಯಿಂದಲೇ ಚಪಾತಿ ಕಿತ್ತುಕೊಳ್ಳುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ. ಮದ್ಯಕ್ಕೆ ಇಲ್ಲಿ ಬಹಳಷ್ಟು ತೀರಗಳಲ್ಲಿ ನಿಷೇಧವಿದೆ.

ಈಶಾನ್ಯದ ಗಾಳಿ ಬೀಸುವ ದಿನಗಳಲ್ಲಿ ಹೊರಗಡಲ ತೀರಗಳಿಗೆ ಬ್ಲೂಬಾಟಲ್ ಎಂಬ ನೀಲಿ ಗುಳ್ಳೆಯಂಥ ಜೀವಿ ಬಂದು ಬೀಳುತ್ತದೆ. ನೋಡಲು ಚೆಂದವಿರುವುದರಿಂದ ಮಕ್ಕಳು ಮುಟ್ಟಲು ಹೋಗುತ್ತಾರೆ. ಸತ್ತು ಬಿದ್ದಿದ್ದರೂ ಅದರ ಎಳೆ ಕುಟುಕುತ್ತದೆ. ಕುಟುಕಿದರೆ ಉಜ್ಜಬೇಡಿ, ಮರಳು ಹಾಕಬೇಡಿ. ಸಮುದ್ರದ ನೀರಿನಿಂದ ಎಳೆಗಳನ್ನು ತೊಳೆದು ತೆಗೆದು, ತಾಳಿಕೊಳ್ಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಆ ಭಾಗವನ್ನು ಇಡಿ. ವಿನೆಗರ್ ಹಾಕಬೇಕೆಂದು ಯಾರಾದರೂ ಹೇಳಿಯಾರು. ಅದು ಉತ್ತರ ಕ್ವೀನ್ಸ್‌ಲ್ಯಾಂಡಿನ ಪೆಟ್ಟಿಗೆ ಲೋಳೆಮೀನಿಗೆ ಹೇಳಿದ ಮದ್ದು, ಇದಕ್ಕಲ್ಲ. ಉಸಿರಾಟ ಕಷ್ಟವಾದರೆ ತಡಮಾಡದೆ ಇಲ್ಲಿಯ ತುರ್ತು ಸಂಖ್ಯೆ 000ಕ್ಕೆ ಕರೆಮಾಡಿ.

ಕೊನೆಗೆ ತಾಯಿಯವರ ಪೂಜೆ. ಇದನ್ನು ಕೇಳಿದ್ದಕ್ಕೆ ನನಗೆ ಮನಸ್ಸು ತುಂಬಿ ಬಂತು. ನಮ್ಮ ಕರಾವಳಿಯಲ್ಲಿ ನೂಲಹುಣ್ಣಿಮೆಯ ದಿನ ಮೀನುಗಾರರು ಸಮುದ್ರಕ್ಕೆ ಹಾಲೆರೆದು ಕಾಯಿ ಅರ್ಪಿಸುವುದನ್ನು ನೋಡುತ್ತ ಬೆಳೆದವನು ನಾನು. ಬ್ರೆಜಿಲಿನ ಕೋಪಕಬಾನ ತೀರದಲ್ಲೂ ಹೊಸ ವರ್ಷದ ರಾತ್ರಿ ಬಿಳಿ ಬಟ್ಟೆಯುಟ್ಟ ಜನ ಇಮಾಂಜ ಎಂಬ ಕಡಲ ದೇವತೆಗೆ ಹೂ ಅರ್ಪಿಸಿ, ಏಳು ಅಲೆಗಳನ್ನು ಹಾರುತ್ತಾರೆ. ಅಮ್ಮ ಖಂಡಿತ ಅರ್ಪಿಸಲಿ, ಆದರೆ ತೆಂಗಿನಕಾಯಿಯನ್ನು ನೀರಿಗೆ ಎಸೆಯುವುದು ಬೇಡ. ತೇಲುತ್ತ ಬಂದು ಈಜುವವರ ತಲೆಗೆ ಬಡಿದೀತು, ಕಸ ಹಾಕಿದ್ದಕ್ಕೆ ದಂಡವೂ ಬಿದ್ದೀತು. ಕಾಯನ್ನು ಮನೆಯಲ್ಲೇ ದೇವರ ಮುಂದೆ ಒಡೆದು, ಹೋಳುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಮಕ್ಕಳು ನೀರಿಗಿಳಿಯುವ ಮೊದಲು, ಏಳು ಗಂಟೆಯ ಎಳೆಬಿಸಿಲಿನಲ್ಲಿ, ದಾರವಿಲ್ಲದ ನಾಲ್ಕು ಬಿಡಿ ಹೂವು, ಒಂದು ಚಿಟಿಕೆ ಅರಿಶಿನ ಕುಂಕುಮ ಅಮ್ಮನ ಕೈಯಿಂದ ನೀರಂಚಿಗೆ ಬೀಳಲಿ. ಆ ಹೊತ್ತಿಗೆ ನೀವು ಅವರ ಎಡಗೈ ಹಿಡಿದಿರಿ, ನಿಮ್ಮ ಯಜಮಾನರು ಮಕ್ಕಳಿಬ್ಬರನ್ನೂ ಹಿಡಿದಿರಲಿ. ಆಮೇಲೆ ಮರದಡಿ ಕೂತಿರುವ ಅಪ್ಪನಿಗೆ ಮೊದಲ ಹೋಳು ಕೊಡಿ.